ಒಟಿಪಿ ಯಾರಿಗೂ ಹೇಳಬೇಡಿ, ಸರಿ. ಆದರೆ ಅದು ಬರುವುದೇ ಗುಡ್ಡದ ಮೇಲೆ

ಬ್ಯಾಂಕಿನ ಎಸ್‌ಎಂಎಸ್, ಪೊಲೀಸರ ಪೋಸ್ಟರ್, ಪೇಪರಿನ ಜಾಹೀರಾತು ಎಲ್ಲ ಕಡೆ ಒಂದೇ ಮಾತು: ಒಟಿಪಿ ಯಾರಿಗೂ ಹೇಳಬೇಡಿ. ಮಾತು ಸರಿ. ಆದರೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಕಣಿವೆಯೊಳಗಿನ ಮನೆಯಲ್ಲಿ ಕೂತು ಇದನ್ನು ಪಾಲಿಸುವುದು ಹೇಗೆ ಅಂತ ಹೇಳಿದವರು ಕಡಿಮೆ.

ಬೆಳೆ ವಿಮೆಗೋ ಪಹಣಿ-ಆಧಾರ್ ಜೋಡಣೆಗೋ ಪೇಟೆಯ ಸೇವಾ ಕೇಂದ್ರಕ್ಕೆ ಬಂದ ಹಿರಿಯರನ್ನು ನೋಡಿ. ನಂಬರ್ ಮನೆಯ ಫೋನಿನದು. ಆ ಫೋನು ಮನೆಯಲ್ಲಿದೆ, ಮನೆಯಲ್ಲಿ ಸಿಗ್ನಲ್ ಇಲ್ಲ. ಯಾರೋ ಹುಡುಗ ಅದನ್ನು ಹಿಡಿದು ಬೆಟ್ಟ ಹತ್ತಿ ನಿಂತಿರುತ್ತಾನೆ. "ಅಜ್ಜಾ, ಬಂತು, ಬರ್ಕೋ" ಅಂತ ಅಲ್ಲಿಂದ ಫೋನಿನಲ್ಲಿ ಆರು ಅಂಕಿ ಕೂಗುತ್ತಾನೆ, ಅಜ್ಜ ಇಲ್ಲಿ ಕೌಂಟರಿನ ಹುಡುಗನಿಗೆ ಅದನ್ನೇ ಗಟ್ಟಿಯಾಗಿ ಹೇಳುತ್ತಾರೆ, ಸರದಿಯಲ್ಲಿರುವ ಹತ್ತು ಜನರೂ ಕೇಳಿಸಿಕೊಳ್ಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಬ್ಯಾಂಕ್ ಖಾತೆಗೆ ಬೆಂಗಳೂರಿನ ಮಗನ ನಂಬರೇ ಜೋಡಣೆ. ಅಲ್ಲಿಂದ ಒಟಿಪಿ ವಾಟ್ಸಾಪಿನಲ್ಲಿ ಬರುತ್ತದೆ. ವರ್ಷಾನುಗಟ್ಟಲೆ ಹೀಗೆ ನಡೆದ ಮೇಲೆ, ಒಂದು ದಿನ "ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ಒಂದು ನಂಬರ್ ಬಂದಿರತ್ತೆ ಹೇಳಿ" ಅಂದವನಿಗೂ ಹೇಳಿಬಿಡುತ್ತಾರೆ. ಅದು ಅವರ ದಡ್ಡತನ ಅಲ್ಲ. ಫೋನಿನಲ್ಲಿ ಒಟಿಪಿ ಹೇಳಿದರೆ ಮಾತ್ರ ಕೆಲಸ ಆಗುತ್ತದೆ ಅಂತ ಈ ವ್ಯವಸ್ಥೆಯೇ ಅವರಿಗೆ ಕಲಿಸಿದೆ. ಸಿಗ್ನಲ್ಲಿನ ಸಮಸ್ಯೆ ಬೇರೆ, ಸೈಬರ್ ಸುರಕ್ಷತೆ ಬೇರೆ ಅಂತ ಎರಡು ಇಲಾಖೆ ಮಾಡಿಕೊಂಡು ಕೂತರೆ ನಮ್ಮ ಜಿಲ್ಲೆಯಲ್ಲಿ ಎರಡೂ ಸರಿಹೋಗುವುದಿಲ್ಲ ಅನ್ನುವುದು ನನ್ನ ವಾದ.

ಫೈಬರ್ ಇಂಟರ್ನೆಟ್ ಈಗ ಎಷ್ಟೋ ತೋಟದ ಮನೆಗಳಿಗೆ ಬಂದಿದೆ. ಜಗಲಿಯಲ್ಲಿ ಕೂತು ಸಿನಿಮಾ ನೋಡಬಹುದು, ಮೊಬೈಲಿನಲ್ಲಿ ಮಾತ್ರ ಒಂದು ಕಡ್ಡಿಯೂ ಇರುವುದಿಲ್ಲ. ಎಸ್‌ಎಂಎಸ್ ಬರುವುದು ಇಂಟರ್ನೆಟ್ಟಿನಿಂದ ಅಲ್ಲ, ಸಿಮ್ ಕಂಪನಿಯ ಜಾಲದಿಂದ. ಯುಪಿಐ ಆಪ್ ಹೊಸ ಫೋನಿಗೆ ಹಾಕಿದಾಗ ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಹೋಗಬೇಕು. ಇಲ್ಲದಿದ್ದರೆ 100 ಎಂಬಿಪಿಎಸ್ ವೇಗದ ನೆಟ್ ಇದ್ದರೂ "ವೆರಿಫಿಕೇಶನ್ ಫೇಲ್ಡ್".

ಇದಕ್ಕೆ ಮನೆಯಲ್ಲೇ ಇರುವ, ಬಹಳ ಜನ ಬಳಸದ ಪರಿಹಾರ ವೈ-ಫೈ ಕಾಲಿಂಗ್, ಅಂದರೆ ಟವರಿನ ಬದಲು ಮನೆಯ ವೈ-ಫೈ ಮೇಲೆ ಅದೇ ಸಿಮ್‌ನ ಕಾಲ್ ನಡೆಯುವುದು. ಜಿಯೋ, ಏರ್‌ಟೆಲ್‌ನಲ್ಲಿ ಇದು ಕೆಲವು ವರ್ಷಗಳಿಂದ ಇದೆ, ಬಿಎಸ್‌ಎನ್‌ಎಲ್ 2026ರ ಆರಂಭದಲ್ಲಿ ದೇಶದಾದ್ಯಂತ ಕೊಟ್ಟಿದೆ. ಬೇರೆ ದುಡ್ಡಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಒಳಗೆ ಹೋಗಿ, ಮೊದಲು ವೋಲ್ಟಿ (4ಜಿ ಮೇಲೆ ಕಾಲ್ ಮಾಡುವ ಸೌಲಭ್ಯ, VoLTE) ಆನ್ ಇದೆಯಾ ನೋಡಿ, ಆಮೇಲೆ ವೈ-ಫೈ ಕಾಲಿಂಗ್ ಆನ್ ಮಾಡಿ. "ವೈ-ಫೈ ಪ್ರಿಫರ್ಡ್" ಅನ್ನುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಅರೆಬರೆ ಸಿಗ್ನಲ್ ಇರುವ ಮನೆಯಲ್ಲಿ ಫೋನು ಟವರಿಗೂ ವೈ-ಫೈಗೂ ನಡುವೆ ಓಲಾಡುತ್ತ ಇರುವುದು ಇದರಿಂದ ತಪ್ಪುತ್ತದೆ. ಪರೀಕ್ಷೆ ಮಾಡಲು ಏರ್‌ಪ್ಲೇನ್ ಮೋಡ್ ಹಾಕಿ, ವೈ-ಫೈ ಮಾತ್ರ ಆನ್ ಮಾಡಿ, ಒಂದು ಕಾಲ್ ಮಾಡಿ. ಕಾಲ್ ಹೋದರೆ ಬ್ಯಾಂಕಿನ ಆಪ್‌ನಿಂದ ಒಂದು ಒಟಿಪಿ ತರಿಸಿ ನೋಡಿ. ಬಹುಪಾಲು ಫೋನುಗಳಲ್ಲಿ ಎಸ್‌ಎಂಎಸ್ ಕೂಡ ಇದೇ ದಾರಿಯಲ್ಲಿ ಬರುತ್ತದೆ. ಕೆಲವು ಹಳೆಯ ಫೋನುಗಳಲ್ಲಿ ಕಾಲ್ ಬಂದರೂ ಎಸ್‌ಎಂಎಸ್ ಬರುವುದಿಲ್ಲ, ಅದಕ್ಕೇ ಎರಡನ್ನೂ ಪರೀಕ್ಷಿಸಬೇಕು. ಕಾಲೇ ಹೋಗದಿದ್ದರೆ ತಪ್ಪು ರೌಟರಿನದ್ದೂ ಇರಬಹುದು. ವೈ-ಫೈ ಕಾಲಿಂಗ್‌ಗೆ ರೌಟರಿನಲ್ಲಿ ಯುಡಿಪಿ 500 ಮತ್ತು 4500 ಅನ್ನುವ ಪೋರ್ಟ್, ಅಂದರೆ ಎರಡು ದಾರಿ, ತೆರೆದಿರಬೇಕು. ರೌಟರಿನ ಫೈರ್‌ವಾಲ್ (ತಡೆಗೋಡೆ) ಅದನ್ನು ತಡೆದಿದ್ದರೆ, ಐಪಿಸೆಕ್ ಪಾಸ್‌ಥ್ರೂ ಅನ್ನುವ ಆಯ್ಕೆ ಆನ್ ಮಾಡಿಕೊಡಲು ಕೇಬಲ್‌ನವರಿಗೆ ಹೇಳಿ.

ಹೊಸ ಫೋನ್ ಕೊಳ್ಳುವವರಿಗೆ ಇನ್ನೊಂದು ಮಾತು. ಬಿಎಸ್‌ಎನ್‌ಎಲ್ 4ಜಿ ಬಳಸುವ ತರಂಗಾಂತರಗಳಲ್ಲಿ 700 ಮೆಗಾಹರ್ಟ್ಸ್ ಒಂದು, ಅಂದರೆ ಬ್ಯಾಂಡ್ 28. ಕಡಿಮೆ ಆವರ್ತನ ಆದ್ದರಿಂದ ಮರ, ಗೋಡೆ ದಾಟಿ ದೂರ ಹೋಗುತ್ತದೆ. ನಮ್ಮಂಥ ಕಾಡೂರಿಗೆ ಹೇಳಿಮಾಡಿಸಿದ್ದು. ಆದರೆ ಫೋನಿನಲ್ಲಿ ಆ ಬ್ಯಾಂಡ್ ಇರದಿದ್ದರೆ ಟವರ್ ಎದುರಿಗಿದ್ದರೂ ಅದು ಕಾಣುವುದಿಲ್ಲ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಬ್ಯಾಂಡ್ 28 ಇದೆಯಾ, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿ.

ಈಗ ಕರೆಂಟು. ವೈ-ಫೈ ಮೇಲೆ ಒಟಿಪಿ ನಿಂತರೆ, ಒಟಿಪಿ ಕರೆಂಟಿನ ಮೇಲೂ ನಿಂತ ಹಾಗೆ. ಜೂನ್-ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲು. ಫೈಬರಿನ ಬಿಳಿ ಡಬ್ಬಿಗೆ, ಅಂದರೆ ಒಎನ್‌ಟಿಗೆ, ಬೇಕಾಗುವುದು 12 ವೋಲ್ಟ್, ಸುಮಾರು 9-10 ವಾಟ್ ಅಷ್ಟೇ. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆಯಲ್ಲ ಅನ್ನಬಹುದು. ಆದರೆ ಇನ್ವರ್ಟರ್ ಏನೂ ಲೋಡ್ ಇಲ್ಲದೆ ಸುಮ್ಮನೆ ಆನ್ ಇದ್ದರೂ ತನಗೇ 15-20 ವಾಟ್ ತಿನ್ನುತ್ತದೆ. ಎರಡು ದಿನ ಕರೆಂಟ್ ಇಲ್ಲದಾಗ ಒಎನ್‌ಟಿಗೋಸ್ಕರ ಇನ್ವರ್ಟರ್ ಓಡಿಸಿದರೆ ಬ್ಯಾಟರಿಯ ಹೆಚ್ಚು ಪಾಲು ಇನ್ವರ್ಟರಿನ ಹೊಟ್ಟೆಗೇ ಹೋಗುತ್ತದೆ. ಅದರ ಬದಲು ರೌಟರಿಗಾಗಿಯೇ ಸಿಗುವ ಮಿನಿ ಯುಪಿಎಸ್ ಒಳ್ಳೆಯದು, ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಡಬ್ಬಿಯ ಮೇಲೆ 8,800 ಎಂಎಎಚ್ ಅಂತ ಬರೆದಿದ್ದರೆ ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಗುಣಿಸಿದರೆ 32 ವಾಟ್-ಅವರ್, ನಷ್ಟ ಕಳೆದು 27. ಒಂಬತ್ತು ವಾಟಿನ ಡಬ್ಬಿ ಮೂರು ಗಂಟೆ ಓಡುತ್ತದೆ. "ಎಂಟು ಗಂಟೆ ಬ್ಯಾಕಪ್" ಅನ್ನುವ ಜಾಹೀರಾತನ್ನು ಈ ಲೆಕ್ಕ ಮಾಡಿ ನೋಡಿ. ಮೂರೇ ಗಂಟೆ ಅಂತ ಬೇಸರ ಬೇಡ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆನ್ ಮಾಡಿದರೂ ಆಸ್ಪತ್ರೆಗೆ ಫೋನ್ ಮಾಡುವುದು, ಹಣ ಕಳಿಸುವುದು ನಡೆಯುತ್ತದೆ. ಪಿನ್ ಕೂಡುತ್ತದೆ ಅಂತ ಬೈಕಿನ ಬ್ಯಾಟರಿಯನ್ನೋ 7 ಎಎಚ್ ಬ್ಯಾಟರಿಯನ್ನೋ ಚಾರ್ಜರ್ ಸಮೇತ ನೇರ ಒಎನ್‌ಟಿಗೆ ಸಿಕ್ಕಿಸಬೇಡಿ. ಚಾರ್ಜ್ ಆಗುವಾಗ 13.8 ವೋಲ್ಟಿಗೂ ಮೇಲೆ ಹೋಗುತ್ತದೆ, ಡಬ್ಬಿ ಸುಡುವ ಸಾಧ್ಯತೆ ಇದೆ.

ಡಬ್ಬಿಯಲ್ಲಿ ಎಲ್‌ಒಎಸ್ ಅನ್ನುವ, ಸಿಗ್ನಲ್ ಬರುತ್ತಿಲ್ಲ ಅಂತ ತೋರಿಸುವ ದೀಪ ಕೆಂಪಗೆ ಮಿನುಗಿದರೆ ಫೈಬರ್ ತುಂಡಾಗಿದೆ ಅಂತಲೇ ಅಲ್ಲ. ಆ ಕಡೆ ಕೇಬಲ್‌ನವರ ಯಂತ್ರಕ್ಕೆ ಕರೆಂಟ್ ಹೋದರೂ ಹಾಗೇ ಮಿನುಗುತ್ತದೆ. ಪಕ್ಕದ ಮನೆಯ ಡಬ್ಬಿಯಲ್ಲೂ ಕೆಂಪು ಇದೆಯಾ ಕೇಳಿ. ಇದ್ದರೆ ಅದು ಮೇಲಿನ ತೊಂದರೆ, ನಿಮ್ಮೊಬ್ಬರದೇ ಆದರೆ ತೋಟದಲ್ಲಿ ಸೋಗೆ ಬಿದ್ದು ಎಲ್ಲೋ ಬಗ್ಗಿದೆ. ಕೆಂಪು ಇಲ್ಲದೆಯೂ ನಿಧಾನ ಆಗಿದ್ದರೆ ರಿಸೀವ್ ಪವರ್, ಅಂದರೆ ಡಬ್ಬಿಗೆ ತಲುಪುವ ಬೆಳಕು, ಎಷ್ಟು ಅಂತ ಕೇಬಲ್‌ನವರನ್ನು ಕೇಳಿ. ಮೈನಸ್ 25 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ, ಮೈನಸ್ 27 ದಾಟಿದರೆ ಮಳೆಗಾಲ ಪೂರ್ತಿ ಕಾಟ. ಮೂರು ಡಿಬಿ ಕಳೆಯಿತು ಅಂದರೆ ಬರುವ ಬೆಳಕು ಅರ್ಧ ಆಯಿತು ಅಂತ ಅರ್ಥ. ಬಗ್ಗಿದ ಒಂದು ಜಾಗ, ನೀರು ಹೊಕ್ಕ ಒಂದು ಕನೆಕ್ಟರ್ ಅಷ್ಟನ್ನು ತಿನ್ನಬಲ್ಲದು. ಹಸಿರು ಕನೆಕ್ಟರಿನ ತುದಿಯನ್ನು ಬೆರಳಿನಿಂದ ಒರೆಸಬೇಡಿ.

ಸಿಡಿಲಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮಲ್ಲಿ ಹಾರ್ಡ್‌ವೇರ್ ಹಾಳಾಗುವುದು ಹೆಚ್ಚಾಗಿ ಏಪ್ರಿಲ್-ಮೇ ತಿಂಗಳ ಗುಡುಗಿನಲ್ಲಿ. ಫೈಬರ್ ಗಾಜು, ಅದರಲ್ಲಿ ವಿದ್ಯುತ್ ಹರಿಯದು ನಿಜ. ಆದರೆ ಮನೆಗೆ ಎಳೆಯುವ ಡ್ರಾಪ್ ಕೇಬಲಿಗೆ ಜೋತು ಬೀಳದಿರಲಿ ಅಂತ ಉಕ್ಕಿನ ತಂತಿ ಅಂಟಿಸಿರುತ್ತಾರೆ. ಅವಸರದ ಕೆಲಸದಲ್ಲಿ ಆ ತಂತಿ ಸಮೇತ ಒಎನ್‌ಟಿಯವರೆಗೂ ಎಳೆದುಬಿಡುತ್ತಾರೆ. ಅದು ಮಾಡಿನ ಹೊರಗಿನ ಕೊಕ್ಕೆಯಲ್ಲೇ ನಿಲ್ಲಬೇಕು, ಒಳಗೆ ಬರಿ ಫೈಬರ್ ಬರಬೇಕು. ಇವತ್ತೇ ನೋಡಿ. ಇನ್ನು ಸರ್ಜ್ ಪ್ರೊಟೆಕ್ಟರ್ ಅಂತ ಮಾರುವ ಪಟ್ಟಿ, ಅರ್ಥಿಂಗ್ ಇಲ್ಲದ ಪ್ಲಗ್ಗಿನಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗಿನ ರೋಧ ವಿಪರೀತ ಏರುತ್ತದೆ, ಸಿಡಿಲು ಹೊಡೆಯುವುದೂ ಆಗಲೇ. ಮಾರ್ಚ್ ಕೊನೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಲು ಶುರು ಮಾಡಿ. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇದ್ದರೆ ಅಳೆಸಿ, 5 ಓಮ್ ಒಳಗಿದ್ದರೆ ಒಳ್ಳೆಯದು. ಇಷ್ಟೆಲ್ಲ ಮಾಡಿದರೂ ಗುಡುಗು ಕೇಳಿದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಹೊರಗಿನ ಸಿಸಿಟಿವಿಯಿಂದ ಬರುವ ತಾಮ್ರದ ಕೇಬಲನ್ನೂ ಕೀಳಬೇಕು. ಬಹಳ ಸಲ ರೌಟರ್ ಸುಡುವುದು ಆ ದಾರಿಯಿಂದ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕರಾವಳಿಯಲ್ಲಿ ಕಥೆ ಬೇರೆ. ಸಿಗ್ನಲ್ ಇದೆ, ಉಪ್ಪುಗಾಳಿಯೂ ಇದೆ. ಜುಲೈನಲ್ಲಿ ಆನ್ ಆಗದ ಕಂಪ್ಯೂಟರಿನಲ್ಲಿ ಎಷ್ಟೋ ಸಲ ರ‍್ಯಾಮ್ (ಮೆಮೊರಿ ಪಟ್ಟಿ) ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ, ಅಷ್ಟೇ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಕೂರಿಸಿ. ಮದರ್‌ಬೋರ್ಡ್ ಹೋಯಿತು ಅಂತ ಯಾರಾದರೂ ಹೇಳುವ ಮೊದಲು ಇದನ್ನು ಮಾಡಿ ನೋಡಬೇಕು. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಕಂಪ್ಯೂಟರ್ ಓಡಿಸಿದರೆ ಅದರ ಬಿಸಿಗೇ ತೇವ ಹೋಗುತ್ತದೆ. ರಜೆಯಲ್ಲಿ ಎರಡು ತಿಂಗಳು ಬೀಗ ಹಾಕುವ ಶಾಲೆಯ ಲ್ಯಾಬುಗಳು ಕೆಡುವುದು ಬಳಕೆಯಿಂದ ಅಲ್ಲ, ಬಳಸದೇ ಇರುವುದರಿಂದ.

ಇನ್ನು ಝೆರಾಕ್ಸ್ ಅಂಗಡಿ, ಸೇವಾ ಕೇಂದ್ರದ ಕಂಪ್ಯೂಟರ್. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಊರಿನ ಅರ್ಧ ಜನರ ಆಧಾರ್, ಪಾಸ್‌ಬುಕ್, ಪಹಣಿ ಅಲ್ಲೇ ಇರುತ್ತದೆ. ಆ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಸುರಕ್ಷತಾ ಅಪ್‌ಡೇಟ್ ಕೊಡುವ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಹೊಸದು ಬೇಕು. ಹಳೆಯ ಯಂತ್ರವೇ ಗತಿ ಅನ್ನುವವರು 240 ಜಿಬಿ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು, ಆದರೆ ಹೆಬ್ಬೆಟ್ಟು ಓದುವ ಯಂತ್ರ ಅದರಲ್ಲಿ ಓಡುತ್ತದೆಯಾ ಅಂತ ಮೊದಲೇ ನೋಡಬೇಕು. ಗ್ರಾಹಕರಾಗಿ ನಾವು ಮಾಡಬಹುದಾದ್ದು: ಪ್ರಿಂಟ್ ಆದ ಮೇಲೆ ಫೈಲ್ ಅಳಿಸಿ ಅಂತ ಸಂಕೋಚವಿಲ್ಲದೆ ಕೇಳುವುದು, ಸಾಧ್ಯ ಇದ್ದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುವುದು, ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ತೆರೆದು ಗೊತ್ತಿಲ್ಲದ್ದನ್ನು ಲಾಗೌಟ್ ಮಾಡುವುದು.

ಬೆರಳಚ್ಚೂ ಒಟಿಪಿಯಷ್ಟೇ ಸೂಕ್ಷ್ಮ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಕದ್ದು ಆಧಾರ್ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ವರದಿಯಾದವು. ಅದಕ್ಕೆ ಒಟಿಪಿಯೂ ಬೇಕಿಲ್ಲ. ಆಧಾರ್ ನೋಡಿಕೊಳ್ಳುವ ಯುಐಡಿಎಐ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಮಾಡಿ. ಆದರೆ ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಹೋಗುವ ಮೊದಲು ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಬೇಕು, ಅದಕ್ಕೆ ಮತ್ತೆ ನೆಟ್ ಬೇಕು. ಸಿಗ್ನಲ್ ಇಲ್ಲದ ಊರಿನ ಅಜ್ಜಿ ಇದನ್ನು ಮಾಡುವುದು ಎಲ್ಲಿಂದ? ಸುರಕ್ಷತೆಯ ಬಾಗಿಲೂ ಸಿಗ್ನಲ್ ಇದ್ದವರಿಗೇ ತೆರೆಯುತ್ತದೆ ಅನ್ನುವುದು ನನಗೆ ಸಿಟ್ಟು ತರಿಸುವ ವಿಷಯ.

ಮದುವೆ ಕರೆಯೋಲೆ, ಪಿಎಂ ಕಿಸಾನ್, ಟ್ರಾಫಿಕ್ ದಂಡ ಅಂತ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಫೋನಿಗೆ ಆಪ್ ಹಾಕುವ ಫೈಲ್, ತೆರೆದುಬಿಟ್ಟರೆ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟ ಮೇಲೆ ಒಟಿಪಿ ನೇರ ಕಳ್ಳನಿಗೆ. ಹಾಗಾದರೆ ತಕ್ಷಣ ವೈ-ಫೈ, ಡೇಟಾ ಎರಡೂ ಆಫ್ ಮಾಡಿ, ಬೇರೆಯವರ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಆಮೇಲೆ ಬ್ಯಾಂಕಿಗೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಮೊದಲ ಒಂದೆರಡು ಗಂಟೆಯೇ ಮುಖ್ಯ. ಖಾತೆ ನಂಬರ್, ಹಣ ಹೋದ ಸಮಯ, ಮೊತ್ತ, ಯುಟಿಆರ್ ಅನ್ನುವ ವಹಿವಾಟಿನ ನಂಬರ್ (ಯುಪಿಐ ಆದರೆ 12 ಅಂಕಿ) ಕೈಯಲ್ಲಿರಲಿ. ಸೈಬರ್ ಅಪರಾಧ ನೋಡುವ ಕಾರವಾರದ ಸಿಇಎನ್ ಠಾಣೆಗೆ ಘಟ್ಟದ ಮೇಲಿನಿಂದ ಬಸ್ ಹಿಡಿದು ಹೋಗುವವರೆಗೆ ಕಾಯಬೇಡಿ, ಮೊದಲು 1930. ಆಮೇಲೆ ##002# ಡಯಲ್ ಮಾಡಿ ಕಾಲ್ ಫಾರ್ವರ್ಡಿಂಗ್ ತೆಗೆಯಿರಿ, ಮುಖ್ಯ ಫೋಟೋ ಉಳಿಸಿಕೊಂಡು ಫೋನ್ ಫ್ಯಾಕ್ಟರಿ ರಿಸೆಟ್ ಮಾಡಿ.

ರಿಸರ್ವ್ ಬ್ಯಾಂಕಿನ ಹೊಸ ದೃಢೀಕರಣ ನಿಯಮಗಳು 1 ಏಪ್ರಿಲ್ 2026ರಿಂದ ಜಾರಿ. ಎರಡು ಹಂತದ ದೃಢೀಕರಣ ಬೇಕು, ಅದು ಎಸ್‌ಎಂಎಸ್ ಒಟಿಪಿಯೇ ಆಗಬೇಕು ಅಂತ ಇಲ್ಲ. ನಮ್ಮೂರಿನ ಬ್ಯಾಂಕುಗಳು, ಸಹಕಾರಿ ಸಂಘಗಳು ಇದನ್ನು ಬಳಸಿಕೊಂಡು ವೈ-ಫೈ ಮೇಲೇ ನಡೆಯುವ ವ್ಯವಸ್ಥೆ ತರಲಿ ಅಂತ ಸದಸ್ಯರು ವಾರ್ಷಿಕ ಸಭೆಯಲ್ಲಿ ಕೇಳಬೇಕು.

ಟವರಿನ ಅರ್ಜಿ ಬರೆಯುವಾಗ "ನಮ್ಮೂರಿಗೆ ನೆಟ್‌ವರ್ಕ್ ಇಲ್ಲ" ಅಂತ ಒಂದು ಸಾಲು ಬರೆದರೆ ಅದು ಫೈಲಿನಲ್ಲೇ ಉಳಿಯುತ್ತದೆ. ಕರೆಂಟ್ ಹೋದದ್ದು ಎಷ್ಟು ಗಂಟೆಗೆ, ಟವರ್ ಸತ್ತದ್ದು ಎಷ್ಟು ಗಂಟೆಗೆ, ಒಂದು ತಿಂಗಳು ಬರೆದಿಡಿ. ಎರಡರ ನಡುವಿನ ಅಂತರ ಅರ್ಧ ಗಂಟೆ ಇದ್ದರೆ ಹೊಸ ಟವರ್ ಬೇಕಿಲ್ಲ, ಇರುವ ಟವರಿನ ಬ್ಯಾಟರಿ ಬದಲಾಗಬೇಕು, ಅದನ್ನೇ ಕೇಳಿ. ಫೋನಿನಲ್ಲಿ ನೆಟ್‌ವರ್ಕ್ ಸೆಲ್ ಮಾಹಿತಿ ತೋರಿಸುವ ಉಚಿತ ಆಪ್ ಹಾಕಿ ಸೆಲ್ ಐಡಿ (ಟವರಿನ ಗುರುತು ಸಂಖ್ಯೆ), ಸಿಗ್ನಲ್ ಮಟ್ಟ ಬರೆದುಕೊಳ್ಳಿ. ಆ ಪಟ್ಟಿ, ಮನೆಗಳ ಸಂಖ್ಯೆ, ಶಾಲೆ, ರೇಷನ್ ಅಂಗಡಿ ಎಲ್ಲಿದೆ ಅನ್ನುವುದು ಸೇರಿಸಿ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿ ಒಂದನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಕೊಡಿ, ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ.