ಹರಳು ಕಡೆಯುವ ಕೈ ನಮ್ಮ ಬೀದರ್‌ನಲ್ಲೂ ಇದೆ

ಬೀದರ್‌ನ ಐಟಿಐ ಒಂದರಲ್ಲಿ ಟರ್ನರ್ ಟ್ರೇಡಿನ ಹುಡುಗರಿಗೆ ಕಲಿಸೋದು ನನ್ನ ಕೆಲಸ. ಮೊನ್ನೆ ಕ್ಲಾಸಿನಲ್ಲಿ ಕ್ವಾಂಟಮ್ ಮಾತು ಬಂತು, ಅಂದರೆ ಅಣು, ಬೆಳಕಿನ ಕಣದಂಥ ತೀರಾ ಸಣ್ಣದರ ವಿಜ್ಞಾನ. ಹಿಂದಿನ ಬೆಂಚಿನ ಹುಡುಗ ಎದ್ದು, "ಸರ, ಅದೆಲ್ಲ ಪಿಎಚ್‌ಡಿ ಮಾಡಿದವರದ್ರಿ. ಲೇತ್ ನಡಸೋರಿಗೆ ಅದರಾಗ ಏನದ?" ಅಂದ. ಅವತ್ತು ಅವನಿಗೆ ನೆಟ್ಟಗೆ ಉತ್ತರ ಕೊಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಕಿನ ಕಣಗಳ ಮೇಲೆ ಸಂದೇಶ ಕಳಿಸೋದಕ್ಕೆ ಕ್ವಾಂಟಮ್ ಸಂಪರ್ಕ ಅಂತಾರೆ. ಅದಕ್ಕೆ ಒಂದೊಂದೇ ಬೆಳಕಿನ ಕಣ ಬೇಕು, ಅಂದರೆ ಫೋಟಾನ್. ಅದನ್ನು ಹುಟ್ಟಿಸುವ ಒಂದು ದಾರಿ ಲಿಥಿಯಂ ನಯೋಬೇಟ್ ಹರಳಿನ ಬಿಲ್ಲೆ. ಅಗಲ ಕೆಲವೇ ಮಿಲಿಮೀಟರ್. ಅದರ ಅಂಚಿನ ಒಳಮೈಗೆ ಬಡಿಯುತ್ತಾ ಬೆಳಕು ಸುತ್ತುತ್ತಲೇ ಇರುತ್ತದೆ. ಶಾಲೆಯಿಂದ ಗೋಳಗುಮ್ಮಟ ನೋಡೋಕೆ ಹೋದವರಿಗೆ ನೆನಪಿರಬೇಕು, ಗೋಡೆಯ ಹತ್ತಿರ ಪಿಸುಗುಟ್ಟಿದರೆ ಆಚೆ ಬದಿಯಲ್ಲಿ ನಿಂತವರಿಗೆ ಕೇಳುತ್ತದೆ ಅಲ್ವಾ, ಇಲ್ಲಿ ಬೆಳಕು ಹಾಗೇ ಗೋಡೆ ಹಿಡಿದು ಓಡುತ್ತದೆ. ಓಡುವಾಗ ಒಂದು ಹಸಿರು ಫೋಟಾನ್ ಆಗೊಮ್ಮೆ ಈಗೊಮ್ಮೆ ಎರಡಾಗಿ ಒಡೆಯುತ್ತದೆ. ಒಂದು ಕೈಗೆ ಸಿಕ್ಕಿತು ಅಂದರೆ ಅದರ ಜೋಡಿಯೂ ಹುಟ್ಟಿದೆ ಅಂತ ಖಾತ್ರಿ, ಆ ಜೋಡಿಯೇ ನಮಗೆ ಬೇಕಾದ ಒಂಟಿ ಫೋಟಾನ್. ಜರ್ಮನಿಯ ಎರ್ಲಾಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2013ರಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ.

ಇನ್ನು ಆ ಬಿಲ್ಲೆ ತಯಾರಾಗೋದು ಎಲ್ಲಿ? ಲೇತ್ ಮೇಲೆ!

ಹರಳನ್ನು ಹಿತ್ತಾಳೆ ಕಡ್ಡಿಯ ತುದಿಗೆ ಅಂಟಿಸಿ ಸ್ಪಿಂಡಲ್‌ಗೆ, ಅಂದರೆ ಲೇತ್‌ನ ತಿರುಗುವ ದಂಡಕ್ಕೆ, ಕಟ್ಟುತ್ತಾರೆ. ಆ ಸ್ಪಿಂಡಲ್‌ನಲ್ಲಿ ಬಾಲ್ ಬೇರಿಂಗ್ ಇಲ್ಲ, ಗಾಳಿಯ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಟೂಲ್ ವಜ್ರದ್ದು. ಹರಳು ಗಾಜಿನ ಹಾಗೆ, ಜಾಸ್ತಿ ಕಟ್ ಕೊಟ್ಟರೆ ಅಂಚಿನ ಚಕ್ಕೆ ಹಾರಿತು. ಆದರೆ ಒಂದು ಮೈಕ್ರಾನ್‌ಗೂ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕಡಿಮೆ ಕಟ್ ಕೊಟ್ಟು ನೋಡಿ, ಅದೇ ಹರಳು ಲೋಹದ ಹಾಗೆ ಮೆತ್ತಗೆ ಸುಲಿದು ಬರುತ್ತದೆ. ನಮ್ಮ ಹುಡುಗರು ಮೈಕ್ರೋಮೀಟರ್ ಹಿಡಿದು ಹತ್ತು ಮೈಕ್ರಾನ್ ಸಾಧಿಸಿದ ದಿನ ಎಷ್ಟು ಖುಷಿ ಪಡುತ್ತಾರೆ ಅಂತ ನನಗೆ ಗೊತ್ತು, ಅದಕ್ಕೇ ಈ ವಿಷಯ ಓದಿದಾಗ ನನಗೆ ಮೈ ಜುಂ ಅಂದಿತು. ಇನ್ನೂ ಒಂದು ಕಷ್ಟ ಇದೆ. ಹರಳಿನ ಗಟ್ಟಿತನ ಎಲ್ಲ ದಿಕ್ಕಿಗೂ ಒಂದೇ ಅಲ್ಲ, ಹಾಗಾಗಿ ಒಂದೇ ಸುತ್ತಿನಲ್ಲಿ ಒಂದು ಕಡೆ ನುಣ್ಣಗೆ ಬಂದು ಇನ್ನೊಂದು ಕಡೆ ಚಕ್ಕೆ ಏಳಬಹುದು. ಆಮೇಲೆ ವಜ್ರದ ಪುಡಿಯಲ್ಲಿ ಪಾಲಿಶ್. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ನಡುವೆ ದಪ್ಪ ಪುಡಿಯ ಒಂದು ಕಾಳು ಉಳಿದರೂ ಗೀರು ಬಿದ್ದು, ಬೆಳಕು ಅಲ್ಲೇ ಚೆದುರಿ ಹೋಗುತ್ತದೆ. ಚೆನ್ನಾಗಿ ಪಾಲಿಶ್ ಆದರೆ ಏನಾಗುತ್ತದೆ ಗೊತ್ತಾ? 2007ರಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಹರಳಿನ ಒಂದು ಪುಟ್ಟ ಬಿಲ್ಲೆಯೊಳಗೆ ಬೆಳಕು ಸಾಯುವ ಮೊದಲು ಹತ್ತು ಕಿಲೋಮೀಟರ್‌ಗೂ ಜಾಸ್ತಿ ಓಡಿತು.

ಈ ಕೆಲಸದಲ್ಲಿ ಕೈ ಇಲ್ಲ ಅಂತ ಯಾರು ಹೇಳ್ತಾರೆ? ನಮ್ಮೂರಲ್ಲಿ ಬಿದರಿ ಮಾಡುವವರು ಉಳಿ ಹಿಡಿದು ಗೀರು ಕೊರೆದು ಬೆಳ್ಳಿ ತಂತಿ ಕೂರಿಸುವಾಗ ಉಸಿರು ಬಿಗಿ ಹಿಡಿಯುತ್ತಾರೆ. ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುತ್ತಾರೆ. ಯಾವ ಮಣ್ಣು ಒಳ್ಳೆಯದು ಅಂತ ನಾಲಿಗೆಗೆ ಇಟ್ಟು ನೋಡಿ ಹೇಳುವ ಹಿರಿಯರಿದ್ದಾರೆ. ಅಂಥ ತಾಳ್ಮೆ ಇರೋ ಊರಿನ ಮಕ್ಕಳಿಗೆ "ಇದು ನಿಮ್ಮದಲ್ಲ" ಅಂತ ಅನಿಸುವಂತೆ ಮಾಡಿದ್ದು ನಾವೇ, ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ಸರ್ಕಾರ, ಎಲ್ಲರೂ.

ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಸುಮಾರು 6,003 ಕೋಟಿ ರೂಪಾಯಿ ಒಪ್ಪಿತು. ಒಳ್ಳೆಯದೇ. ನಾನು ಕೇಳೋದು ಇಷ್ಟೇ, ಕಲ್ಯಾಣ ಕರ್ನಾಟಕದ ಒಂದೇ ಒಂದು ಐಟಿಐಗೆ ಗಾಳಿ ಬೇರಿಂಗಿನ ಒಂದು ಲೇತ್ ಕೊಡಿ. ಕಲಬುರಗಿಗೆ ಕೊಟ್ಟರೂ ಸರಿ, ನಮ್ಮ ಹುಡುಗರು ಬಸ್ಸು ಹತ್ತಿ ಹೋಗುತ್ತಾರೆ. ಮಷಿನ್ ದುಬಾರಿ, ದೂಳಿಲ್ಲದ ಕೋಣೆ ಬೇಕು, ಒಂದೇ ಹದದ ಉಷ್ಣ ಬೇಕು, ನಮ್ಮ ಬೇಸಿಗೆಯಲ್ಲಿ ಅದು ಸುಲಭ ಅಲ್ಲ, ಎಲ್ಲ ಗೊತ್ತು. ಆದರೂ ಕೇಳುತ್ತೇನೆ.

ಬೆಂಗಳೂರಿನ ಲ್ಯಾಬ್‌ಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಊರಿಗೆ ಬಂದಾಗ ಒಂದು ದಿನ ನಮ್ಮ ವರ್ಕ್‌ಶಾಪ್‌ಗೆ ಬನ್ನಿ. ಒಡೆದು ಬಿಸಾಡಿದ ಹರಳಿನ ಚೂರು ಇದ್ದರೆ ಅದನ್ನೇ ತನ್ನಿ. ಆ ಹಿಂದಿನ ಬೆಂಚಿನ ಹುಡುಗನ ಕೈಗೆ ಕೊಡಬೇಕು.