ಮಣ್ಣಪಳ್ಳವನ್ನು ಮಣ್ಣಪಳ್ಳ ಅಂತಲೇ ಬರೆಯಿರಿ

ಮಣಿಪಾಲದ ಕೆರೆಗೆ ಈಗ ಎರಡು ಹೆಸರು. ಪ್ರವಾಸಿಗರ ಇಂಗ್ಲಿಷ್ ಬರಹ, ಇನ್‌ಸ್ಟಾಗ್ರಾಂ ರೀಲು, ಫ್ಲ್ಯಾಟ್ ಮಾರುವವರ ಮಾತು, ಎಲ್ಲ ಕಡೆ ‘ಮಣಿಪಾಲ ಲೇಕ್’. ಆಟೋ ಸ್ಟ್ಯಾಂಡಿನಲ್ಲಿ, ನಮ್ಮ ಮನೆಗಳಲ್ಲಿ ಮಣ್ಣಪಳ್ಳ. ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಅಂತ ಸ್ನೇಹಿತರೊಬ್ಬರು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮಣಿಪಾಲ ಅನ್ನುವ ಹೆಸರು ಹುಟ್ಟಿದ್ದೇ ಈ ಕೆರೆಯಿಂದ. ತುಳುವಿನ ಮಣ್ಣಪಳ್ಳ ಇಂಗ್ಲಿಷಿನವರ ಬಾಯಲ್ಲಿ ತಿರುಗಿ ಮಣಿಪಾಲ ಆಯಿತು. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ ಮೇಲೆ ಆ ಹೆಸರು ದೇಶವಿಡೀ ಸುತ್ತಿತು. ಅದು ನಮಗೆಲ್ಲ ಹೆಮ್ಮೆಯೇ. ಆದರೆ ಅದೇ ಹೆಸರನ್ನು ತಂದು ಕೆರೆಗೆ ಅಂಟಿಸುವುದು ಮಗಳ ಹೆಸರನ್ನು ತಾಯಿಗೆ ಇಟ್ಟ ಹಾಗೆ ಅಲ್ವಾ?

ಮೊನ್ನೆ ಸಂಜೆ ಹೆಬ್ರಿ ಕಡೆಯ ಹಿರಿಯರೊಬ್ಬರು ರಸ್ತೆ ಬದಿ ನಿಂತು ಕಾಲೇಜು ಹುಡುಗರನ್ನು ಕೇಳುತ್ತಿದ್ದರು. “ಮಗಾ, ಮಣ್ಣಪಳ್ಳಕ್ಕೆ ಯಾವ ಕಡೆ ಹೋಗಬೇಕು?” ಹುಡುಗರು ಮುಖ ಮುಖ ನೋಡಿಕೊಂಡರು. “ಗೊತ್ತಿಲ್ಲ ಅಂಕಲ್, ನಾವು ಇಲ್ಲಿಯವರಲ್ಲ.” ಆಮೇಲೆ ನೋಡಿದರೆ ಆ ಹುಡುಗರೂ ವಾಕಿಂಗಿಗೆ ಹೊರಟದ್ದು ಅದೇ ಕೆರೆಗೆ! ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆ ಹೆಸರನ್ನು ಅವರಿಗೆ ಯಾರೂ ಹೇಳಿಯೇ ಇಲ್ಲ.

ತುಳು ಹೆಸರು ಹೊರಗಿನವರಿಗೆ ಕಷ್ಟ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಂಗಳೂರಿನ ಪಿಲಿಕುಳ ನೋಡಿ. ನಿಸರ್ಗಧಾಮ ಬಂತು, ಮೃಗಾಲಯ ಬಂತು, ತಾರಾಲಯವೂ ಬಂತು. ಹೆಸರು ಮಾತ್ರ ಪಿಲಿಕುಳವೇ. ಎಲ್ಲೆಲ್ಲಿಂದಲೋ ಬರುವ ಶಾಲಾ ಮಕ್ಕಳು ಸಲೀಸಾಗಿ ಹೇಳುತ್ತಾರೆ. ಕಾರ್ಕಳದ ಆನೆಕೆರೆಯೂ ಆನೆಕೆರೆಯಾಗಿಯೇ ಇದೆ.

ಒಂದು ಜಾಗಕ್ಕೆ ಹಲವು ಹೆಸರು ಇರಬಾರದು ಅಂತ ನಾನು ಹೇಳುತ್ತಿಲ್ಲ. 2014ರ ನವೆಂಬರ್ 1ರಂದು ಮ್ಯಾಂಗಲೋರ್ ಸರ್ಕಾರಿ ಲೆಕ್ಕದಲ್ಲಿ ಮಂಗಳೂರು ಆಯಿತು. ತುಳುವರಿಗೆ ಅದು ಇವತ್ತಿಗೂ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಎಷ್ಟು ಚಂದ! ಅಲ್ಲಿ ಪ್ರತಿ ಹೆಸರಿನ ಹಿಂದೆಯೂ ದಿನಾ ಅದನ್ನು ಹೇಳುವ ಸಾವಿರಾರು ಮನೆಗಳಿವೆ. ಒಂದು ಕೆರೆಗೆ ಅಷ್ಟು ಜನಬಲ ಎಲ್ಲಿಂದ ಬರಬೇಕು? ಸುತ್ತ ಅಪಾರ್ಟ್‌ಮೆಂಟ್ ಏಳುತ್ತವೆ, ವರ್ಷ ವರ್ಷ ಹೊಸಬರು ಬರುತ್ತಾರೆ, ಹಳಬರು ಕಡಿಮೆಯಾಗುತ್ತಾರೆ. ಬೋರ್ಡಿನಲ್ಲೂ ಮ್ಯಾಪಿನಲ್ಲೂ ಇಲ್ಲದ ಹೆಸರು ಅಲ್ಲಿಗೆ ಮುಗಿಯಿತು.

ನಮ್ಮ ಹಳೆ ಹೆಸರುಗಳು ಸುಮ್ನೆ ಇಟ್ಟವಲ್ಲ. ಬೆಟ್ಟು ಅಂದರೆ ಎತ್ತರದ ಜಾಗ, ಬೈಲು ಅಂದರೆ ತಗ್ಗಿನ ಗದ್ದೆ, ಕುದ್ರು ಅಂದರೆ ನದಿ ನಡುವಿನ ದ್ವೀಪ, ಪಳ್ಳ ಅಂದರೆ ಕೆರೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಅಂತ ಹೆಸರೇ ಹೇಳುತ್ತದೆ. ಬೈಲಿನ ಗದ್ದೆಗೆ ಮಣ್ಣು ತುಂಬಿಸಿ ‘ಎನ್‌ಕ್ಲೇವ್’ ಅಂತ ಬೋರ್ಡ್ ಹಾಕಿದರೆ, ಸೈಟ್ ತೆಗೆದುಕೊಳ್ಳುವವನಿಗೆ ಜೂನ್ ತಿಂಗಳಲ್ಲಿ ಅಲ್ಲಿ ಮಳೆನೀರು ನಿಲ್ಲುವ ಸಂಗತಿ ಹೇಗೆ ಗೊತ್ತಾಗಬೇಕು? (ಈ ವಿಷಯಕ್ಕೆ ಬೇರೆಯೇ ಪೋಸ್ಟ್ ಬೇಕು.)

ನಾನು ಕೇಳುವುದು ಇಷ್ಟೇ. ಕೆರೆಯ ಬೋರ್ಡು, ದಾರಿ ತೋರಿಸುವ ಬೋರ್ಡು, ಕೆರೆಯ ಕೆಲಸದ ಕಡತ, ಎಲ್ಲದರಲ್ಲೂ ಮೊದಲು ದೊಡ್ಡ ಅಕ್ಷರದಲ್ಲಿ ‘ಮಣ್ಣಪಳ್ಳ’ ಇರಲಿ. ಬೇಕಿದ್ದರೆ ಕೆಳಗೆ ಇನ್ನೊಂದು ಹೆಸರು ಬರೆಯಲಿ. ಈ ಬಗ್ಗೆ ನಗರಸಭೆಗೆ ಒಂದು ಮನವಿ ತಯಾರು ಮಾಡುತ್ತಿದ್ದೇನೆ. ಸುತ್ತಮುತ್ತ ಹಳೆ ಜಾಗ ಇದ್ದವರು ದಯವಿಟ್ಟು ನಿಮ್ಮ ಜಾಗದ ಪತ್ರಗಳ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ತೆಗೆದು ನೋಡಿ. ಅದರಲ್ಲಿ ಮಣ್ಣಪಳ್ಳ ಅಂತ ಬರೆದಿದ್ದರೆ ಆ ಒಂದು ಪುಟದ ಫೋಟೋ ನನಗೆ ಮೆಸೆಂಜರ್‌ನಲ್ಲಿ ಕಳಿಸಿ. ಮನವಿಯ ಜೊತೆ ಲಗತ್ತಿಸುತ್ತೇನೆ.