ಯೋಚನೆಗೂ ಕೂಲಿ ಉಂಟಾ?

ಕೋಪನ್‌ಹೇಗನ್ನಿನ ನನ್ನ ಅಡುಗೆಮನೆಯಲ್ಲಿ ಒಂದು ಹಳೆ ಕುರ್ಚಿ ಇದೆ. ಬೆನ್ನಿಗೆ ಕವೆಗೋಲಿನಂಥ ಮರ, ಕೂರುವಲ್ಲಿ ಕಾಗದದ ಹುರಿ. ಇಲ್ಲಿನವರು ಅದನ್ನು ವೈ ಕುರ್ಚಿ ಅನ್ನುತ್ತಾರೆ. ಡೆನ್ಮಾರ್ಕಿನ ಪೀಠೋಪಕರಣ ಡಿಸೈನರ್ ಹ್ಯಾನ್ಸ್ ವೆಗ್ನರ್ ಅದನ್ನು ರೂಪಿಸಿದ್ದು 1949ರಲ್ಲಿ. 1950ರಿಂದ ಇವತ್ತಿನವರೆಗೂ ಅದು ತಯಾರಾಗುತ್ತಲೇ ಇದೆ. ಅದರದ್ದೇ ನಕಲು ಬೆಂಗಳೂರಿನ ನನ್ನ ಅಕ್ಕನ ಮನೆಯಲ್ಲೂ ಇತ್ತು. ಇತ್ತು ಅಂದರೆ, ಭಾವ ಒಂದು ದಿನ ಊಟ ಮುಗಿಸಿ ಹಿಂದಕ್ಕೆ ಒರಗಿದ್ದೇ ತಡ, ಕೈಯಿಡುವ ಬಾಗು ಲಟಕ್ಕಂತ ಮುರಿಯಿತು.

ವೆಗ್ನರ್ ಚಪ್ಪಲಿ ಹೊಲಿಯುವವನ ಮಗ. 1914ರಲ್ಲಿ, ಈಗ ಜರ್ಮನಿಯ ಗಡಿಗೆ ಹತ್ತಿರವಿರುವ ಟೊಂಡರ್‌ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಬಡಗಿಯೊಬ್ಬರ ಹತ್ತಿರ ಕೆಲಸ ಕಲಿಯಲು ಸೇರಿದರು. ಡಿಸೈನ್ ಶಾಲೆಯೆಲ್ಲ ಆಮೇಲೆ. 1943ರಲ್ಲಿ ಸ್ವಂತ ಸ್ಟುಡಿಯೊ ಮಾಡಿಕೊಂಡರು. ಸ್ವಂತ ಅಂದಮಾತ್ರಕ್ಕೆ ಒಂಟಿ ಅಲ್ಲ. ಅವರು ಮಾದರಿ ಮಾಡಿದರೆ ಯೊಹಾನೆಸ್ ಹ್ಯಾನ್ಸೆನ್ ಎಂಬ ಬಡಗಿಯ ಕಾರ್ಖಾನೆ ಅದನ್ನು ಕುರ್ಚಿ ಮಾಡುತ್ತಿತ್ತು. ಆಮೇಲೆ 1951ರಲ್ಲಿ ಐದು ಕಾರ್ಖಾನೆಗಳು ಸೇರಿ ಇವರ ಪೀಠೋಪಕರಣ ಮಾರಲು ಒಂದು ಸಂಸ್ಥೆ ಕಟ್ಟಿದವು. ಒಂದು ಊಟದ ಕುರ್ಚಿ ಮಾಡಿದರೆ, ಇನ್ನೊಂದು ಮೇಜು, ಮತ್ತೊಂದು ಸೋಫಾ. ಮನುಷ್ಯ ಯಾರ ಕೈಕೆಳಗೂ ಇರಲಿಲ್ಲ, ಆದರೆ ಐದು ಕಡೆ ಜನ ಅವರ ಮಾದರಿಗೆ ಕಾಯುತ್ತಿದ್ದರು.

ನನಗೆ ಜಾಸ್ತಿ ಇಷ್ಟವಾಗುವುದು ಅವರ 1949ರ ಇನ್ನೊಂದು ಕುರ್ಚಿ, ದುಂಡು ಕುರ್ಚಿ. 1960ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕೆನಡಿ ಮತ್ತು ನಿಕ್ಸನ್ ಟಿವಿಯಲ್ಲಿ ಚರ್ಚೆಗೆ ಕೂತರಲ್ಲ, ಅದೇ. ಅದರ ಬೆನ್ನಿನ ಬಾಗು ಒಂದೇ ಮರದ್ದಲ್ಲ, ತುಂಡು ಸೇರಿಸಿದ್ದು. ಮೊದಲ ಕುರ್ಚಿಗಳಲ್ಲಿ ಆ ಸೇರಿಕೆ ಅವರಿಗೇ ಹಿಡಿಸಲಿಲ್ಲ. ಅದಕ್ಕೆ ಮೇಲೆ ಬೆತ್ತ ಸುತ್ತಿ ಮುಚ್ಚಿದರು. ಮರುವರ್ಷ ಬೆರಳಿಗೆ ಬೆರಳು ಹೆಣೆದಂಥ ಸೇರಿಕೆ ಮಾಡಿ, ಬೆತ್ತ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ ಬಿಟ್ಟರು. ಐನೂರಕ್ಕೂ ಹೆಚ್ಚು ಕುರ್ಚಿ ಬರೆದವರು. ಒಂದೊಂದರಲ್ಲೂ ಹಿಂದಿನದರ ಜೊತೆ ಇಂಥ ಜಗಳ ಇರುತ್ತದೆ.

ಈಗಿನ ಡೆನ್ಮಾರ್ಕನ್ನು ಸ್ವರ್ಗ ಅಂದುಕೊಳ್ಳಬೇಡಿ. ನನ್ನ ನೆರೆಮನೆಯಾತ ಸ್ವತಂತ್ರ ಡಿಸೈನರ್. ಹಂಚಿಕೊಂಡ ವರ್ಕ್‌ಶಾಪಿನಲ್ಲಿ ಒಂದು ಬೆಂಚು ಬಾಡಿಗೆಗೆ ಹಿಡಿದಿದ್ದಾನೆ. ಹೊಟ್ಟೆಪಾಡಿಗೆ ಅಡುಗೆಮನೆ ಕಪಾಟು ಮಾಡುತ್ತಾನೆ, ಮರ ತರಲು ತಾನೇ ವ್ಯಾನ್ ಓಡಿಸುತ್ತಾನೆ, ರಾತ್ರಿ ಕೂತು ಬಿಲ್ ಬರೆಯುತ್ತಾನೆ. ಕುರ್ಚಿಗೆ ಉಳಿಯುವುದು ಶುಕ್ರವಾರ ಮಾತ್ರ. ಆದರೂ ಒಂದು ಸಾದಾ ಸ್ಕೆಚ್ ತೋರಿಸಿದರೂ ಅದಕ್ಕೆ ದುಡ್ಡು ಕೇಳುತ್ತಾನೆ. ಗಿರಾಕಿ ಕೊಡುತ್ತಾನೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವನ ಒಂದು ಸ್ಟೂಲನ್ನು ಕಂಪನಿಯೊಂದು ತೆಗೆದುಕೊಂಡಿದೆ, ಮಾರಾಟವಾದ ಪ್ರತಿ ಸ್ಟೂಲಿಗೆ ರಾಯಧನ ಬರುತ್ತದೆ. ವೆಗ್ನರ್ ತೀರಿಕೊಂಡಿದ್ದು 2007ರಲ್ಲಿ. ಇಲ್ಲಿನ ಕಾಯಿದೆ ಪ್ರಕಾರ ಅವರ ಕುರ್ಚಿಗಳ ಹಕ್ಕುಸ್ವಾಮ್ಯ ಅವರು ತೀರಿಕೊಂಡ ಮೇಲೂ 70 ವರ್ಷ ಇರುತ್ತದೆ, ಅಂದರೆ 2077ರ ಕೊನೆವರೆಗೆ.

ಈಗ ನಮ್ಮ ಕಡೆ ಬನ್ನಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಆಚಾರ್ರು ಬರುತ್ತಿದ್ದರು. ಬಾಚಿ, ಉಳಿ, ಕೊಡತಿ ಹಿಡಿದು ಬೆಳಿಗ್ಗೆ ಬಂದರೆ ಜಗಲಿಯೇ ಕಾರ್ಖಾನೆ. ಅಜ್ಜನಿಗೆ ಆರಾಮ ಕುರ್ಚಿ ಮಾಡುವಾಗ ಅವರು ಅಜ್ಜನನ್ನು ಭತ್ತದ ಮೂಟೆಗೆ ಒರಗಿಸಿ ಕೂರಿಸಿದರು. ಮಂಡಿಯಿಂದ ನೆಲಕ್ಕೆ ಹಗ್ಗ ಹಿಡಿದು ಗಂಟು ಹಾಕಿದರು. "ಎಡಗಾಲು ನೋವಲ್ವಾ, ಏಳೋಕೆ ಬಲಗೈ ಊರ್ತೀರಿ" ಅಂತ ಬಲಗಡೆಯ ಕೈಮರ ಒಂದಿಷ್ಟು ಮುಂದಕ್ಕೆ ಚಾಚಿಸಿದರು. ಇದು ಡಿಸೈನ್ ಅಲ್ಲದೆ ಇನ್ನೇನು? ನನ್ನ ನೆರೆಯವನು ಗಿರಾಕಿಯ ಮಂಡಿ ಅಳೆದಿದ್ದನ್ನು ನಾನಂತೂ ಕಂಡಿಲ್ಲ. ಅಜ್ಜ ಕೊಟ್ಟಿದ್ದು ದಿನದ ಕೂಲಿ, ಊಟ, ಎರಡು ಹೊತ್ತು ಕಾಫಿ. ಬಲಗೈ ವಿಚಾರಕ್ಕೆ ಏನೂ ಇಲ್ಲ. ಕೇಳಿದರೆ ಕೊಡುತ್ತಿದ್ದರೇನೋ, ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಇವತ್ತು ಅಷ್ಟೂ ಇಲ್ಲ. ಬೆಂಗಳೂರಿನಲ್ಲಿ ಮೊಬೈಲಿನಲ್ಲಿ ಫೋಟೊ ತೋರಿಸುತ್ತೇವೆ, ಇದೇ ಥರ ಬೇಕು, ಚದರಡಿಗೆ ಎಷ್ಟು ಅನ್ನುತ್ತೇವೆ. ಕೈಗೆ ದುಡ್ಡು ಕೊಡುತ್ತೇವೆ, ತಲೆಗೆ ಕೊಡಲ್ಲ. ತಲೆ ಬಳಸುವವನು ತಡ ಮಾಡುತ್ತಾನೆ ಅಂತ ಬೈಯುವುದು ಬೇರೆ. ಚೌಕಾಸಿ ಮಾಡುವುದರಲ್ಲಿ ನಾನೂ ಕಮ್ಮಿ ಇರಲಿಲ್ಲ, ಸುಮ್ನೆ ಬೇರೆಯವರನ್ನು ಯಾಕೆ ಅನ್ನಲಿ.

ಕಳೆದ ಸಲ ಊರಿಗೆ ಹೋದಾಗ ಅಕ್ಕನ ಮುರಿದ ಕುರ್ಚಿಯ ತುಂಡನ್ನು ಆ ಆಚಾರ್ರ ಮಗನಿಗೆ ತೋರಿಸಿದೆ. ವೆಗ್ನರ್ ಹೆಸರು ಅವರು ಕೇಳಿದವರಲ್ಲ. ಮುರಿದ ಜಾಗಕ್ಕೆ ಹೆಬ್ಬೆರಳು ಒತ್ತಿ, "ಹಲಗೆಯಿಂದ ಬಾಗಿಗೆ ಕೊಯ್ದಿದ್ದಾರೆ. ನಾರು ಅಡ್ಡ ಬಿತ್ತು. ನಿಲ್ಲೋದಿಲ್ಲ" ಅಂದರು. ಅಸಲಿ ಕುರ್ಚಿಯಲ್ಲಿ ಆ ಬಾಗನ್ನು ಕೊಯ್ಯುವುದಿಲ್ಲ, ನೇರ ಕಡ್ಡಿಯನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುತ್ತಾರೆ. ನಾರು ಬಾಗಿನ ಜೊತೆಗೇ ತಿರುಗುತ್ತದೆ. ಅದನ್ನು ಹೇಳಿದೆ. "ಬೆತ್ತದ ಹಾಗೆ" ಅಂದರು, ನಾನು ಮುಗಿಸುವ ಮೊದಲೇ. ಕೂರುವ ಜಾಗಕ್ಕೆ ಸುಮಾರು 120 ಮೀಟರ್ ಕಾಗದದ ಹುರಿ ಹಿಡಿಯುತ್ತದೆ ಅಂದಾಗ ಮಾತ್ರ ನಂಬಲಿಲ್ಲ. ಓಕ್ ಮರವನ್ನು ಇಲ್ಲಿನವರು ಸೋಪಿನ ನೀರು ಹಚ್ಚಿ ಕಾಪಾಡುತ್ತಾರೆ ಅಂದಾಗ ಜೋರಾಗಿ ನಕ್ಕರು.

ಹೊರಡುವಾಗ, ನೋಡಿ ಹೇಳಿದ್ದಕ್ಕೆ ಅಂತ ಐನೂರು ರೂಪಾಯಿ ಕೊಡಲು ಹೋದೆ. "ಏನು ಕೆಲಸ ಮಾಡಿದೆ ಅಂತ? ಯೋಚನೆಗೂ ಕೂಲಿ ಉಂಟಾ?" ಅಂದರು. ತೆಗೆದುಕೊಳ್ಳಲಿಲ್ಲ. ಕಾಲು ಕೈಮರಕ್ಕೆ ಹೇಗೆ ಸೇರಿದೆ ಅಂತ ಅಡಿಯಿಂದ ಫೋಟೊ ತೆಗೆದು ಕಳಿಸಿ ಅಂದರು. ವಾಪಸ್ ಬಂದ ವಾರವೇ ಅಡುಗೆಮನೆ ನೆಲದ ಮೇಲೆ ಅಂಗಾತ ಮಲಗಿ ಹನ್ನೊಂದು ಫೋಟೊ ತೆಗೆದೆ. ಹತ್ತು ಫೋಟೊಗಳಿಗೆ ಉತ್ತರ ಬಂತು. ಒಂದು ಮಸುಕಾಗಿದೆಯಂತೆ, ಮತ್ತೆ ತೆಗೆಯಬೇಕು.